ಸೀಮೋರ್ ಕ್ರೇ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿ ವಿಸ್ಕಾನ್ಸಿನ್ ಎಂಬ ರಾಜ್ಯವಿದೆ. ಹೈನುಗಾರಿಕೆಗೆ ಹೆಸರಾದ ಆ ನಾಡಿನಲ್ಲಿ, ಚಿಪ್ಪೆವಾ ನದಿಯ ದಂಡೆಯ ಮೇಲೆ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಪಟ್ಟಣ. ಸೀಮೋರ್ ಕ್ರೇ ಜನಿಸಿದ್ದು ಅಲ್ಲಿ, 1925ನೆಯ ಇಸವಿ ಸೆಪ್ಟೆಂಬರ್ 28ರಂದು. ತಂದೆ ಸಿವಿಲ್ ಇಂಜಿನಿಯರ್. ಮಗನ ಒಲವನ್ನು ಕಂಡ ತಂದೆತಾಯಿಗಳು ಮನೆಯ ನೆಲಮಾಳಿಗೆಯನ್ನು ಅವನ ಪ್ರಯೋಗಗಳಿಗೆ ಬಿಟ್ಟುಕೊಟ್ಟಿದ್ದರು. ಸುಮಾರು ಹತ್ತನೆಯ ವಯಸ್ಸಿನಲ್ಲಿಯೇ ಆ ಹುಡುಗನು ಆಟಿಕೆಯ ಲೋಹದ ಬಿಡಿಭಾಗಗಳನ್ನು ಜೋಡಿಸಿ, ತೂತು ಕೊರೆದ ಕಾಗದದ ಪಟ್ಟಿಯನ್ನು ಮೋರ್ಸ್ ಸಂಕೇತಗಳಾಗಿ ಮಾರ್ಪಡಿಸುವ ಸಾಧನವೊಂದನ್ನು ರಚಿಸಿದನು.

ಎರಡನೆಯ ಮಹಾಯುದ್ಧದಲ್ಲಿ ಕ್ರೇ ಸೈನ್ಯ ಸೇರಿ ಯೂರೋಪಿನಲ್ಲಿ ರೇಡಿಯೋ ವಿಭಾಗದಲ್ಲಿ ದುಡಿದನು; ಅನಂತರ ಫಿಲಿಪ್ಪೀನ್ಸ್‌ನಲ್ಲಿ ಜಪಾನೀಯರ ಗುಪ್ತ ಸಂಕೇತಗಳನ್ನು ಬಿಡಿಸುವ ಕಾರ್ಯದಲ್ಲಿ ನೆರವಾದನು. ಯುದ್ಧ ಮುಗಿದ ಮೇಲೆ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1949ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿಯನ್ನೂ 1951ರಲ್ಲಿ ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದನು. ಸೇಂಟ್ ಪಾಲ್ ನಗರದಲ್ಲಿ, ಹಿಂದೆ ಗ್ಲೈಡರ್ ವಿಮಾನಗಳನ್ನು ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯೊಂದರಲ್ಲಿ ನೌಕಾದಳಕ್ಕಾಗಿ ಗಣಕಯಂತ್ರಗಳನ್ನು ನಿರ್ಮಿಸುತ್ತಿದ್ದ ಸಂಸ್ಥೆಯಲ್ಲಿ ಅವನಿಗೆ ಕೆಲಸ ದೊರೆಯಿತು. ಆ ಸಂಸ್ಥೆ ಕೈಯಿಂದ ಕೈಗೆ ಮಾರಾಟವಾಗಿ ಬೃಹತ್ತಾಗಿ ಬೆಳೆದಾಗ ಅಲ್ಲಿನ ಹಲವರು ಬೇಸತ್ತು ಹೊರಬಂದರು. 1957ರಲ್ಲಿ ವಿಲಿಯಂ ನಾರಿಸ್ ಎಂಬಾತನ ನಾಯಕತ್ವದಲ್ಲಿ ಅವರು ಕಂಟ್ರೋಲ್ ಡೇಟಾ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. ಕ್ರೇ ಅವರನ್ನು ಸೇರಿಕೊಂಡನು.

ಆ ಕಾಲದ ಗಣಕಯಂತ್ರಗಳಲ್ಲಿ ನಿರ್ವಾತ ನಳಿಕೆಗಳ ಸ್ಥಾನಕ್ಕೆ ಟ್ರಾನ್ಸಿಸ್ಟರುಗಳು ಆಗತಾನೆ ಬರುತ್ತಿದ್ದವು. ಕ್ರೇ ವಿನ್ಯಾಸಗೊಳಿಸಿದ ಮೊದಲ ದೊಡ್ಡ ಟ್ರಾನ್ಸಿಸ್ಟರ್ ಯಂತ್ರ 1960ರಲ್ಲಿ ಹೊರಬಂದು ಸಂಸ್ಥೆಗೆ ಹೆಸರನ್ನೂ ಹಣವನ್ನೂ ತಂದಿತು. ಹೆಸರು ಬಂದೊಡನೆ ಸಭೆಗಳು, ವರದಿಗಳು, ಭೇಟಿಗಳು ಮುತ್ತಿಕೊಂಡವು. ಏಕಾಂತಪ್ರಿಯನಾದ ಕ್ರೇಗೆ ಇದು ಸಹಿಸಲಾಗಲಿಲ್ಲ. ತನ್ನ ಹುಟ್ಟೂರಿನಲ್ಲಿ ಪ್ರಯೋಗಾಲಯ ಕಟ್ಟಿಸಿಕೊಡಬೇಕೆಂದು ಕೇಳಿ, 1962ರಲ್ಲಿ ಅಲ್ಲಿಗೆ ಹೊರಟೇಹೋದನು. ಸಂಸ್ಥೆಯ ಅಧ್ಯಕ್ಷನಾದ ನಾರಿಸ್ ಕೂಡ ಮುಂಚಿತವಾಗಿ ತಿಳಿಸದೆ ಅಲ್ಲಿಗೆ ಬರುವಂತಿರಲಿಲ್ಲ. ಒಮ್ಮೆ ಮುಂದಿನ ಯೋಜನೆಗಳನ್ನು ಬರೆದುಕೊಡುವಂತೆ ಆಡಳಿತದವರು ಕೇಳಿದಾಗ, ಐದು ವರ್ಷಗಳಲ್ಲಿ ಜಗತ್ತಿನ ಅತಿ ದೊಡ್ಡ ಗಣಕವನ್ನು ಕಟ್ಟುವುದಾಗಿಯೂ ಒಂದು ವರ್ಷದಲ್ಲಿ ಅದರ ಐದನೆಯ ಒಂದು ಭಾಗವನ್ನು ಮುಗಿಸುವುದಾಗಿಯೂ ಬರೆದುಕೊಟ್ಟನಂತೆ.

ಆ ಪ್ರಯೋಗಾಲಯದಲ್ಲಿ ರೂಪುಗೊಂಡ 6600 ಎಂಬ ಯಂತ್ರ 1964ರಲ್ಲಿ ಗ್ರಾಹಕರಿಗೆ ತಲುಪತೊಡಗಿತು. ಅದರ ರಹಸ್ಯವನ್ನು ಮದುವೆಯ ಅಡುಗೆಮನೆಯ ಹೋಲಿಕೆಯಿಂದ ತಿಳಿಯಬಹುದು. ಮುಖ್ಯ ಬಾಣಸಿಗನೇ ನೀರು ಸೇದಿ, ಸೌದೆ ತಂದು, ತರಕಾರಿ ಹೆಚ್ಚಬೇಕಾಗಿ ಬಂದರೆ ಒಲೆ ಉರಿದು ವ್ಯರ್ಥವಾಗುತ್ತದೆ. ಹಳೆಯ ಗಣಕಗಳ ಸ್ಥಿತಿ ಹೀಗೆಯೇ ಇತ್ತು. ಅಂಕಿಗಳನ್ನು ಒಳಗೆ ತರುವ, ಉತ್ತರಗಳನ್ನು ಹೊರಗೆ ಒಯ್ಯುವ ಚಿಲ್ಲರೆ ಕೆಲಸಗಳನ್ನು ಕ್ರೇ ಹತ್ತು ಚಿಕ್ಕ ಸಹಾಯಕ ಗಣಕಗಳಿಗೆ ವಹಿಸಿದನು. ಮುಖ್ಯ ಗಣಕಕ್ಕೆ ಲೆಕ್ಕ ಮಾಡುವುದೊಂದೇ ಕೆಲಸ. ಅದರೊಳಗೂ ಕೂಡುವುದಕ್ಕೆ, ಗುಣಿಸುವುದಕ್ಕೆ, ಭಾಗಿಸುವುದಕ್ಕೆ ಬೇರೆ ಬೇರೆ ಘಟಕಗಳಿದ್ದು, ಅವು ಏಕಕಾಲದಲ್ಲಿ ದುಡಿಯುತ್ತಿದ್ದವು. ಸೆಕೆಂಡಿಗೆ ಸುಮಾರು 30 ಲಕ್ಷ ಲೆಕ್ಕಗಳನ್ನು ಮಾಡಬಲ್ಲ ಈ ಯಂತ್ರವು ಐದು ವರ್ಷಗಳ ಕಾಲ ಜಗತ್ತಿನಲ್ಲಿ ಅತ್ಯಂತ ವೇಗದ್ದೆನಿಸಿತ್ತು. ಇದರ ವಿನ್ಯಾಸದಲ್ಲಿ ಕ್ರೇಯ ಬಲಗೈಯಂತಿದ್ದ ಜಿಮ್ ಥಾರ್ನ್‌ಟನ್‌ನ ಪಾಲೂ ದೊಡ್ಡದು. 6600ರ ಸುದ್ದಿಯನ್ನು ಕೇಳಿ, ಐಬಿಎಂ ಎಂಬ ಮಹಾಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್ ತನ್ನ ಅಧಿಕಾರಿಗಳಿಗೆ ಅಸಮಾಧಾನದ ಪತ್ರ ಬರೆದನು. ಕಸಗುಡಿಸುವವನೂ ಸೇರಿ ಕೇವಲ 34 ಜನರಿದ್ದ ತಂಡವೊಂದು ಅಷ್ಟು ದೊಡ್ಡ ಸಂಸ್ಥೆಯನ್ನು ಹಿಂದಿಕ್ಕಿದ್ದು ಹೇಗೆಂಬುದು ಅವನ ಪ್ರಶ್ನೆಯಾಗಿತ್ತು.

ಕ್ರೇಯ ಜೀವಮಾನದ ಹಗೆ ಒಂದೇ: ದೂರ. ಬೆಳಕು ಕೂಡ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಚಲಿಸುವುದು ಸುಮಾರು 30 ಸೆಂಟಿಮೀಟರು ಮಾತ್ರ. ತಂತಿಯಲ್ಲಿ ಹರಿಯುವ ಸಂಕೇತ ಅದಕ್ಕಿಂತಲೂ ನಿಧಾನ. ಆದ್ದರಿಂದ ತಂತಿ ಉದ್ದವಾದಷ್ಟೂ ಗಣಕ ಕಾಯಬೇಕಾಗುತ್ತದೆ. ಭಾಗಗಳನ್ನು ಒತ್ತೊತ್ತಾಗಿ ಜೋಡಿಸೋಣವೆಂದರೆ ಅವುಗಳ ಶಾಖದಿಂದ ಯಂತ್ರವೇ ಕೆಡುತ್ತದೆ. ದೂರ ಮತ್ತು ಶಾಖಗಳ ಈ ಇಕ್ಕಟ್ಟಿನಲ್ಲಿ ಕ್ರೇ ಒಮ್ಮೆ ಸೋತದ್ದೂ ಉಂಟು. 8600 ಎಂಬ ಯಂತ್ರ ಎಷ್ಟು ಶ್ರಮಿಸಿದರೂ ಸರಿಹೋಗಲಿಲ್ಲ; ಅದನ್ನು ಹೊಸದಾಗಿ ಆರಂಭಿಸಲು ಸಂಸ್ಥೆಯಲ್ಲಿ ಹಣವಿರಲಿಲ್ಲ. 1972ರಲ್ಲಿ ಅವನು ಹೊರಬಂದು ಕ್ರೇ ರಿಸರ್ಚ್ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದನು. ಆಶ್ಚರ್ಯವೆಂದರೆ, ಬಿಟ್ಟುಬಂದ ಸಂಸ್ಥೆಯೇ ಇದರಲ್ಲಿ ಸ್ವಲ್ಪ ಬಂಡವಾಳ ಹೂಡಿತು.

1976ರಲ್ಲಿ ಕ್ರೇ-1 ಸಿದ್ಧವಾಯಿತು. ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ಕಂಬದ ಆಕಾರ. ಬುಡದ ಸುತ್ತ ಮೆತ್ತೆಯ ಆಸನಗಳು. ಅವು ಅಲಂಕಾರಕ್ಕಲ್ಲ; ವಿದ್ಯುತ್ ಪೂರೈಕೆಯ ಉಪಕರಣಗಳು ಅವುಗಳ ಅಡಿಯಲ್ಲಿದ್ದವು. ಬಾಗಿದ ಆಕಾರಕ್ಕೂ ಕಾರಣವಿತ್ತು: ಒಳಬದಿಯಲ್ಲಿ ತಂತಿಗಳು ಗಿಡ್ಡವಾಗುತ್ತಿದ್ದವು. ಇಡೀ ಯಂತ್ರದಲ್ಲಿ ಯಾವ ತಂತಿಯೂ ನಾಲ್ಕು ಅಡಿಗಿಂತ ಉದ್ದವಿರಲಿಲ್ಲ. ಆ ಸಾವಿರಾರು ತಂತಿಗಳನ್ನೂ ಅಳೆದು, ಕತ್ತರಿಸಿ, ಕೈಯಿಂದಲೇ ಜೋಡಿಸಬೇಕಾಗಿತ್ತು; ಆ ತಾಳ್ಮೆಯ ಕೆಲಸವನ್ನು ಮಾಡಿದವರಲ್ಲಿ ಹೆಚ್ಚಿನವರು ಮಹಿಳೆಯರು. ಶಾಖವನ್ನು ತೆಗೆಯಲು ಡೀನ್ ರೌಶ್ ಎಂಬ ಇಂಜಿನಿಯರನು ತಣ್ಣನೆಯ ಫ್ರಿಯಾನ್ ಹರಿಯುವ ಕೊಳವೆಗಳನ್ನು ಅಳವಡಿಸಿದನು. 64 ಸಂಖ್ಯೆಗಳ ಸಾಲನ್ನೇ ಒಂದು ಆದೇಶದಿಂದ ಸಂಸ್ಕರಿಸಬಲ್ಲ ಈ ಯಂತ್ರದ ಗರಿಷ್ಠ ವೇಗ ಸೆಕೆಂಡಿಗೆ 16 ಕೋಟಿ ಲೆಕ್ಕಗಳು. ಇಂದಿನ ಕಿಸೆಯ ಫೋನಿನ ಮುಂದೆ ಇದು ಅಲ್ಪ, ಅಂದಿಗೆ ಅದ್ಭುತ. ಮೊದಲ ಯಂತ್ರ ಹೋದದ್ದು ಅಣ್ವಸ್ತ್ರಗಳ ಲೆಕ್ಕ ನಡೆಯುತ್ತಿದ್ದ ಲಾಸ್ ಅಲಮಾಸ್‌ಗೆ. ಮಳೆ ಗಾಳಿಗಳ ಮುನ್ಸೂಚನೆಗೂ ಇದೇ ಯಂತ್ರ ಒದಗಿತು.

ಕೆಲಸದಲ್ಲಿ ತೊಡಕು ಬಂದಾಗ ಕ್ರೇ ತನ್ನ ಮನೆಯ ಕೆಳಗೆ ಸುರಂಗ ತೋಡುತ್ತಿದ್ದನು! ಗುದ್ದಲಿ ಹಿಡಿದು ಮಣ್ಣು ಅಗೆಯುವಾಗ ಅವನಿಗೆ ಉತ್ತರಗಳು ಹೊಳೆಯುತ್ತಿದ್ದವಂತೆ.

ಇತ್ತ 1971ರಲ್ಲಿಯೇ ಇಂಟೆಲ್ ಸಂಸ್ಥೆ ಗಣಕದ ಕೇಂದ್ರಭಾಗವನ್ನು ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಕೂಡಿಸಿ ಮಾರಾಟಕ್ಕೆ ತಂದಿತ್ತು. ಮೈಕ್ರೋಪ್ರೊಸೆಸರ್ ಎಂಬ ಈ ಬಿಲ್ಲೆ ವರ್ಷದಿಂದ ವರ್ಷಕ್ಕೆ ಅಗ್ಗವೂ ಚುರುಕೂ ಆಗುತ್ತ ಬಂದಿತು. ಇಂತಹ ನೂರಾರು ಬಿಲ್ಲೆಗಳನ್ನು ಹೆಣೆದು ದೊಡ್ಡ ಲೆಕ್ಕವನ್ನು ಹಂಚಿಕೊಡಬಹುದೆಂದು ಕೆಲವರು ವಾದಿಸಿದರು. ಕ್ರೇಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಕೆಲವೇ ಬಲಶಾಲಿ ಸಂಸ್ಕಾರಕಗಳು ಸಾಕೆಂಬುದು ಅವನ ನಿಲುವು. ಭಾರತದ ಅನುಭವ ಬೇರೆಯಾಗಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕ್ರೇ ಸಂಸ್ಥೆಯ ಯಂತ್ರವೊಂದನ್ನು ತರಿಸುವ ಪ್ರಯತ್ನ ನಡೆದಾಗ ಅಮೆರಿಕ ಸರ್ಕಾರ ಒಪ್ಪಲಿಲ್ಲ; ಹವಾಮಾನದ ಕೆಲಸಕ್ಕೆಂದು ಕಡಿಮೆ ಸಾಮರ್ಥ್ಯದ ಮಾದರಿಯನ್ನು ದೆಹಲಿಗೆ ಕೊಟ್ಟಿತು. ಆಗ ಪುಣೆಯ ಸಿ-ಡ್ಯಾಕ್ ಸಂಸ್ಥೆ ಸಣ್ಣ ಬಿಲ್ಲೆಗಳನ್ನೇ ಹೆಣೆದು 1991ರಲ್ಲಿ ಪರಮ್ ಗಣಕವನ್ನು ನಿರ್ಮಿಸಿತು. ಕ್ರೇ ಒಪ್ಪದ ದಾರಿಯೇ ನಮಗೆ ನೆರವಾಯಿತು.

ಕ್ರೇಯ ಕೊನೆಯ ವರ್ಷಗಳು ಕಷ್ಟದವು. ಸಿಲಿಕಾನಿಗೆ ಬದಲಾಗಿ ಗ್ಯಾಲಿಯಂ ಆರ್ಸೆನೈಡ್ ಬಳಸಿ ಕ್ರೇ-3 ನಿರ್ಮಿಸಲು 1989ರಲ್ಲಿ ಅವನು ಕೊಲರಾಡೊ ಸ್ಪ್ರಿಂಗ್ಸ್ ನಗರದಲ್ಲಿ ಬೇರೆ ಸಂಸ್ಥೆ ತೆರೆದನು. ಗ್ರಾಹಕರ ಬಳಿ ತಲುಪಿದ್ದು ಒಂದೇ ಒಂದು ಯಂತ್ರ. 1995ರಲ್ಲಿ ಸಂಸ್ಥೆ ದಿವಾಳಿಯಾಯಿತು. ಎಪ್ಪತ್ತರ ಅಂಚಿನಲ್ಲಿದ್ದ ಮನುಷ್ಯ ಅಲ್ಲಿಗೆ ಕೈಚೆಲ್ಲಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ 1996ರಲ್ಲಿ ಅವನು ಮತ್ತೊಂದು ಸಂಸ್ಥೆಯನ್ನು ಆರಂಭಿಸಿದನು. ಈ ಬಾರಿ ಅವನು ಕೈಗೆತ್ತಿಕೊಂಡದ್ದು, ತಾನು ಬಹುಕಾಲ ವಿರೋಧಿಸಿದ್ದ ಮಾರ್ಗವನ್ನೇ: ಅನೇಕ ಸಂಸ್ಕಾರಕಗಳು ಜೊತೆಗೂಡಿ ದುಡಿಯುವ ಗಣಕವನ್ನು. ಅದೇ ವರ್ಷದ ಸೆಪ್ಟೆಂಬರ್ 22ರಂದು ಹೆದ್ದಾರಿಯ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಕ್ರೇ, ಅಕ್ಟೋಬರ್ 5ರಂದು ನಿಧನನಾದನು. ಆರಂಭಗೊಂಡು ಕೆಲವೇ ವಾರಗಳಾಗಿದ್ದ ಆ ಸಂಸ್ಥೆ ಅವನಿಲ್ಲದೆಯೇ ಕೆಲಸವನ್ನು ಮುಂದುವರಿಸಿತು.