ವೇಲೂರಿನ ಡಾಕ್ಟರ್ ಐಡಾ ಸ್ಕಡರ್ ಬಾಯಿಯವರು

ಕಳೆದ ವರುಷ ಹತ್ತಿಯ ಸುಗ್ಗಿಯ ಕಾಲದಲ್ಲಿ ನವಲಗುಂದ ತಾಲೂಕಿನ ಪಾಲಕರೊಬ್ಬರು ನನ್ನ ಕೋಣೆಗೆ ಬಂದು ಕುಳಿತರು. ಅವರ ಮಗಳು ನಮ್ಮ ಶಾಲೆಯಲ್ಲಿ ಓದಿ, ಮುಂದೆ ವೈದ್ಯವಿದ್ಯೆಯ ಕೊನೆಯ ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿದವಳು. ಪರೀಕ್ಷೆಯು ಮುಗಿದರೂ ಮಗಳು ಊರಿಗೆ ಬಂದಿರಲಿಲ್ಲ. ಹಗಲೂ ರಾತ್ರಿಯೂ ದವಾಖಾನೆಯಲ್ಲಿಯೇ ಇರುತ್ತಾಳೆ, ಹಬ್ಬಕ್ಕೂ ರಜೆಯಿಲ್ಲ, ಈ ಒಂದು ವರುಷ ಕಳೆದ ಮೇಲೆ ಇನ್ನೂ ಮೂರು ವರುಷ ಅಲ್ಲಿಯೇ ಇರಬೇಕೆನ್ನುತ್ತಾಳೆ ಎಂದು ಅವರು ಸಂಕಟಪಟ್ಟುಕೊಂಡರು. ಪಾಸಾದವಳಿಗೆ ಮತ್ತೆ ಎಂಥ ಕಲಿಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಬೀಗತನದ ಮಾತು ಆಡಲು ಬಂದವರಿಗೆ ಏನು ಹೇಳಲಿ ಎಂದೂ ಕೇಳಿದರು. ಆ ದಿನ ನಾನು ಚಹ ಕೊಟ್ಟು ಸಮಾಧಾನ ಹೇಳಿ ಕಳುಹಿಸಿದೆನೇ ಹೊರತು ಸರಿಯಾದ ಉತ್ತರವನ್ನು ಕೊಡಲಿಲ್ಲ. ಈ ಸಂಚಿಕೆಗಾಗಿ ಒಬ್ಬ ಮಹಾಸ್ತ್ರೀಯ ಜೀವಿತವನ್ನು ಬರೆಯಬೇಕಾಗಿ ಬಂದಾಗ ಆ ಪ್ರಶ್ನೆಯೇ ನನ್ನ ಮನಸ್ಸಿನಲ್ಲಿತ್ತು.

ಐಡಾ ಸೋಫಿಯಾ ಸ್ಕಡರ್ ಅವರು 1870ನೆಯ ಇಸವಿಯ ಡಿಸೆಂಬರ 9ನೆಯ ತಾರೀಖಿಗೆ ಮದ್ರಾಸ ಇಲಾಖೆಯ ರಾಣಿಪೇಟೆಯಲ್ಲಿ ಜನಿಸಿದರು. ಪಿತಾಮಹರಾದ ಡಾಕ್ಟರ್ ಜಾನ್ ಸ್ಕಡರ್ ಅವರು 1819ರಲ್ಲಿ ಅಮೇರಿಕೆಯಿಂದ ಹಡಗು ಹತ್ತಿ ಸಿಂಹಳಕ್ಕೆ ಬಂದವರು, ತಂದೆಯೂ ವೈದ್ಯರೇ. ಐದು ಮಂದಿ ಅಣ್ಣಂದಿರಿಗೆ ಒಬ್ಬಳೇ ತಂಗಿಯಾದ ಐಡಾಳ ಬಾಲ್ಯದಲ್ಲಿಯೇ ಧಾತು ಈಶ್ವರ ಸಂವತ್ಸರಗಳ ಆ ಘೋರ ಬರವು ಬಂದಿತು. ನಮ್ಮ ಧಾರವಾಡ ಸೀಮೆಯ ಹಳ್ಳಿಗಳನ್ನೂ ಹಾಳುಗೆಡವಿದ ಬರವೇ ಅದು. ಹಸಿದು ನಿತ್ರಾಣವಾದ ಮಕ್ಕಳ ಬಾಯಿಗೆ ರೊಟ್ಟಿಯ ತುಣುಕುಗಳನ್ನು ಇಡುವ ಕೆಲಸವು ಆ ಚಿಕ್ಕ ಹುಡುಗಿಯ ಪಾಲಿಗೆ ಬಂದಿತ್ತು. ಇಂಥವುಗಳನ್ನು ಕಂಡ ಮಗುವು ಹಿಂದುಸ್ಥಾನದಿಂದ ದೂರವಿರಬೇಕೆಂದು ಬಯಸಿದರೆ ಆಶ್ಚರ್ಯವಿಲ್ಲ. ಅಮೇರಿಕೆಯ ನಾರ್ತ್‌ಫೀಲ್ಡಿನಲ್ಲಿ ಕಲಿಯುತ್ತಿದ್ದ ತರುಣಿಯು ಮಿಶನರಿಯಾಗುವುದಿಲ್ಲವೆಂದೇ ನಿಶ್ಚಯಿಸಿದ್ದಳು.

1890ರಲ್ಲಿ ತಾಯಿಯ ಅಸ್ವಸ್ಥತೆಯ ನಿಮಿತ್ತ ಆಕೆಯು ತಿಂಡಿವನಕ್ಕೆ ಬಂದಳು. ಅಲ್ಲಿ ನಡೆದ ಒಂದು ರಾತ್ರಿಯ ಸಂಗತಿಯು ಪ್ರಸಿದ್ಧವಾದುದು. ಬ್ರಾಹ್ಮಣನೊಬ್ಬ, ಮುಸಲ್ಮಾನನೊಬ್ಬ, ಮೇಲು ಜಾತಿಯ ಇನ್ನೊಬ್ಬ ಹಿಂದು ಗೃಹಸ್ಥ, ಹೀಗೆ ಮೂವರು ಒಬ್ಬರ ಹಿಂದೊಬ್ಬರು ಬಾಗಿಲು ತಟ್ಟಿದರು. ಮೂವರ ಹೆಂಡಂದಿರೂ ಹೆರಿಗೆಯ ಬೇನೆಯಲ್ಲಿದ್ದರು. ತಂದೆಯು ಬರುತ್ತಾರೆ ಎಂದು ಐಡಾ ಹೇಳಿದರೆ, ಪರಪುರುಷನು ಮುಟ್ಟಬಾರದೆಂದು ಮೂವರೂ ಹಿಂದಿರುಗಿದರು. ಬೆಳಗಾಗುವುದರೊಳಗೆ ಮೂವರು ಗರ್ಭಿಣಿಯರೂ ತೀರಿಕೊಂಡಿದ್ದರು. ತರುಣಿಯು ಅಂದೇ ವೈದ್ಯವಿದ್ಯೆ ಕಲಿಯುವೆನೆಂದು ತಂದೆತಾಯಿಗಳಿಗೆ ತಿಳಿಸಿದಳು. ಫಿಲಡೆಲ್ಫಿಯದ ಸ್ತ್ರೀಯರ ವೈದ್ಯಕೀಯ ಕಾಲೇಜಿನಲ್ಲಿ ಕಲಿತು, ಕೊನೆಯ ವರುಷವನ್ನು ಹೆಂಗಸರಿಗೆ ಆಗತಾನೆ ಬಾಗಿಲು ತೆರೆದಿದ್ದ ಕಾರ್ನೆಲ್ ವೈದ್ಯಶಾಲೆಯಲ್ಲಿ ಪೂರೈಸಿ, 1899ರಲ್ಲಿ ಪದವಿಯನ್ನು ಪಡೆದಳು. ನ್ಯೂಯಾರ್ಕಿನ ಶೆಲ್ ಎಂಬ ಬ್ಯಾಂಕಿನ ಧಣಿಯು ತನ್ನ ಮೃತ ಪತ್ನಿಯ ಸ್ಮರಣೆಗಾಗಿ ಆಸ್ಪತ್ರೆ ಕಟ್ಟಲು ಹತ್ತು ಸಾವಿರ ಡಾಲರುಗಳನ್ನು ಕೊಟ್ಟನು.

ಇನ್ನು ಮುಂದಿನದನ್ನು ಪಾಲಕರು ಲಕ್ಷ್ಯಕೊಟ್ಟು ಓದಬೇಕು. 1900ನೆಯ ಇಸವಿಯ ಆರಂಭದಲ್ಲಿ ಐಡಾ ಬಾಯಿಯವರು ವೇಲೂರಿಗೆ ಬಂದಾಗ ಅವರ ಕೈಯಲ್ಲಿ ಪದವಿಪತ್ರವಿತ್ತು, ಕಟ್ಟಡದ ಹಣವೂ ಇತ್ತು. ಇಲ್ಲದೆ ಇದ್ದುದು ರೋಗಿಯ ಮಂಚದ ಬಳಿಯ ಅನುಭವ. ಅದನ್ನು ತಂದೆಯ ಕೈಕೆಳಗೆ ಪಡೆಯುವ ಆಶೆಯಿಂದ ಬಂದಿದ್ದರು. ಮೇ ತಿಂಗಳಲ್ಲಿ ತಂದೆಯೇ ತೀರಿಕೊಂಡರು. ಸಂಶಯ ಬಂದರೆ ಕೇಳಲು ಹಿರಿಯರಿಲ್ಲ. ಕೈ ನಡುಗಿದರೆ ಹಿಡಿಯುವವರಿಲ್ಲ. ಬಂಗಲೆಯ ಒಂದು ಕೋಣೆಯೇ ಔಷಧಾಲಯವಾಯಿತು. ಮನೆಗೆಲಸದ ಸಲೋಮಿ ಎಂಬ ಹೆಂಗಸೇ ಶಸ್ತ್ರಕ್ರಿಯೆಗೆ ಸಹಾಯಕಿಯಾದಳು. ಮೊದಲು ಜನರು ಹತ್ತಿರ ಬರಲೇ ಇಲ್ಲ. ಬಂದ ಮೊದಲಿನ ರೋಗಿಗಳಲ್ಲಿ ಕೆಲವರು ಬದುಕಲೂ ಇಲ್ಲ. ಆದರೂ ಎರಡು ವರುಷಗಳಲ್ಲಿ ಐದು ಸಾವಿರ ರೋಗಿಗಳನ್ನು ನೋಡಿದರೆಂದು ಅವರ ಚರಿತ್ರಕಾರರು ಲೆಕ್ಕ ಕೊಡುತ್ತಾರೆ. ಲೋಕವು ಇದನ್ನು ಅವರ ಧೈರ್ಯದ ಕಥೆಯೆಂದು ಹೇಳುತ್ತದೆ. ನಿಜವೇ. ಆದರೆ ಶಿಕ್ಷಕಿಯಾದ ನನಗೆ ಇಲ್ಲಿ ಧೈರ್ಯಕ್ಕಿಂತ ಮೊದಲು ಕಾಣುವುದು ಒಂಟಿತನ. ಮೂವತ್ತು ವರುಷದ ಹೆಂಗಸೊಬ್ಬಳು ನಡುರಾತ್ರಿಯಲ್ಲಿ ಪುಸ್ತಕದ ಪುಟ ತಿರುವಿ ತಾನೇ ನಿರ್ಣಯಿಸಿ ತಾನೇ ಕತ್ತಿ ಹಿಡಿಯಬೇಕಾದುದು ಎಂಥ ಭಾರ!

1902ರಲ್ಲಿ ನಾಲ್ವತ್ತು ಮಂಚಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆಯು ತೆರೆಯಿತು. 1909ರಲ್ಲಿ ದಾದಿಯರ ಶಾಲೆ ಆರಂಭವಾಯಿತು. ಅದೇ ಕಾಲಕ್ಕೆ ಒಂದು ಚಿಕ್ಕ ಪ್ಯೂಜೋ ಮೋಟಾರು ಬಂದು, ವಾರಕ್ಕೊಮ್ಮೆ ಗುಡಿಯಾತ್ತಮಿನ ದಾರಿಯಲ್ಲಿ ಮರದ ನೆರಳೇ ದವಾಖಾನೆಯಾಗತೊಡಗಿತು. ಕುದುರೆಯಿಲ್ಲದ ಗಾಡಿಯನ್ನು ಕಂಡು ಹಳ್ಳಿಗರು ಮೊದಮೊದಲು ಓಡಿಹೋಗುತ್ತಿದ್ದರಂತೆ!

ಒಬ್ಬಳೇ ಎಷ್ಟು ದುಡಿದರೂ ಆ ಮೂವರಂಥ ಗರ್ಭಿಣಿಯರು ಊರೂರಿನಲ್ಲಿ ಇದ್ದೇ ಇರುವರೆಂದು ಅರಿತ ಅವರು, ಈ ದೇಶದ ಹೆಣ್ಣುಮಕ್ಕಳನ್ನೇ ವೈದ್ಯರನ್ನಾಗಿ ಮಾಡಲು ಹೊರಟರು. ಮದ್ರಾಸಿನ ಸರಕಾರದ ಹಿರಿಯ ವೈದ್ಯಾಧಿಕಾರಿಯು ಅನುಮತಿಯನ್ನು ಕೊಟ್ಟರೂ ಹುಡುಗಿಯರು ಬರುವರೆಂಬ ನಂಬಿಕೆ ಅವರಿಗಿರಲಿಲ್ಲ. 1918ರ ಆಗಸ್ಟ 12ರಂದು ಗವರ್ನರ್ ಲಾರ್ಡ್ ಪೆಂಟ್ಲೆಂಡ್ ಅವರು ಶಾಲೆಯನ್ನು ತೆರೆದರು. ಬಾಡಿಗೆಯ ಮನೆ, ಒಂದು ಅಸ್ಥಿಪಂಜರ, ಕೆಲವೇ ಪುಸ್ತಕಗಳು, ಇಷ್ಟೇ ಬಂಡವಾಳ. ಮೊದಲಿನ ವರುಷದ ಸರಕಾರಿ ಪರೀಕ್ಷೆಯಲ್ಲಿ ಇಲಾಖೆಯ ಗಂಡುಹುಡುಗರಲ್ಲಿ ಐವರಿಗೆ ಒಬ್ಬರಷ್ಟೇ ತೇರ್ಗಡೆಯಾದಾಗ, ವೇಲೂರಿನಿಂದ ಕುಳಿತ ಹದಿನಾಲ್ಕು ಹುಡುಗಿಯರೂ ತೇರ್ಗಡೆಯಾದರು! 1922ರಲ್ಲಿ ಆ ಹದಿನಾಲ್ವರೇ ಮೊದಲಿನ ವೈದ್ಯೆಯರಾಗಿ ಹೊರಬಂದರು.

ಪರೀಕ್ಷೆಯ ಫಲಕ್ಕಿಂತಲೂ ಅವರ ಕಲಿಸುವ ರೀತಿಯೇ ನನಗೆ ದೊಡ್ಡದಾಗಿ ತೋರುತ್ತದೆ. ತಮಗೆ ದೊರೆಯದೆ ಹೋದುದನ್ನು ಅವರು ಶಿಷ್ಯೆಯರಿಗೆ ದೊರಕಿಸಿಕೊಟ್ಟರು. ಪಾಠದ ಕೋಣೆಗಿಂತ ವಾರ್ಡಿನಲ್ಲಿಯೇ ಹೆಚ್ಚು ಪಾಠವು ನಡೆಯುತ್ತಿತ್ತು. ಗುಡಿಯಾತ್ತಮಿನ ದಾರಿಗೂ ಹುಡುಗಿಯರು ಸರದಿಯಂತೆ ಹೋಗಿ, ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಹಳ್ಳಿಯ ಮುದುಕಿಯೊಡನೆ ಮಾತನಾಡುವುದನ್ನು ಕಲಿಯುತ್ತಿದ್ದರು. ಹಿರಿಯಳು ಪಕ್ಕದಲ್ಲಿ ನಿಂತಿರುವಾಗ ಕಿರಿಯಳು ಕೈ ಮಾಡುವುದು, ನಿಂತಿರುವವಳು ಕ್ರಮೇಣ ಒಂದೊಂದು ಹೆಜ್ಜೆ ಹಿಂದೆ ಸರಿಯುವುದು, ಈ ವಿದ್ಯೆಗೆ ಬೇರೆ ಮಾರ್ಗವಿಲ್ಲ. ಸಂಜೆಗೆ ಅವರು ಹುಡುಗಿಯರೊಡನೆ ಟೆನಿಸ್ ಆಡಿ, ಅವರನ್ನು ಸೋಲಿಸಿಯೂ ಬಿಡುತ್ತಿದ್ದರು. ಶಿಷ್ಯೆಯರು ಅವರನ್ನು ಅತ್ತೆಯೆಂಬ ಸಲಿಗೆಯಿಂದ ಕರೆಯುತ್ತಿದ್ದರು.

1938ರ ಸುಮಾರಿಗೆ ದೊಡ್ಡ ಸಂಕಟವು ಬಂದಿತು. ವೇಲೂರಿನಲ್ಲಿ ಕೊಡುತ್ತಿದ್ದ ಎಲ್. ಎಮ್. ಪಿ. ಎಂಬ ಕಿರಿಯ ಪದವಿಯು ಇನ್ನು ಸಾಲದು, ವಿಶ್ವವಿದ್ಯಾಲಯದ ಎಮ್. ಬಿ. ಬಿ. ಎಸ್. ಬೇಕು ಎಂದು ಮದ್ರಾಸ ಸರಕಾರವು ನಿರ್ಣಯಿಸಿತು. ಅದಕ್ಕೆ ಹೆಚ್ಚಿನ ಮಂಚಗಳೂ, ಉನ್ನತ ಪದವಿಯ ಅಧ್ಯಾಪಕರೂ, ಅಪಾರ ಹಣವೂ ಅವಶ್ಯವಾದವು. ಎಪ್ಪತ್ತು ವರುಷದ ಐಡಾ ಬಾಯಿಯವರು 1941ರಲ್ಲಿ ಅಮೇರಿಕೆಗೆ ಹೋಗಿ, ಯುದ್ಧಕಾಲದಲ್ಲಿ ಊರೂರು ಅಲೆದು ಸಹಾಯವನ್ನು ಬೇಡಿದರು. ಹಣಕ್ಕಾಗಿ ಹುಡುಗರನ್ನೂ ಸೇರಿಸಿಕೊಳ್ಳಬೇಕೇ ಎಂಬ ವಿಷಯದಲ್ಲಿ ಹಳೆಯ ಗೆಳತಿಯರೇ ಅವರಿಗೆ ಎದುರಾದರು. ಹೆಣ್ಣುಮಕ್ಕಳ ಶಾಲೆಯಲ್ಲಿಯೇ ಆಯುಷ್ಯ ಕಳೆದ ನನಗೆ ಆ ಗೆಳತಿಯರ ನೋವು ಅರ್ಥವಾಗುತ್ತದೆ. ಆದರೂ ಐಡಾ ಬಾಯಿಯವರು ಒಪ್ಪಿದುದೇ ಸರಿಯೆಂದು ನನ್ನ ಮತ. 1942ರಲ್ಲಿ ಎಮ್. ಬಿ. ಬಿ. ಎಸ್. ಆರಂಭವಾಯಿತು, 1947ರಲ್ಲಿ ಹುಡುಗರೂ ಬಂದರು. ಅದಕ್ಕೂ ಮೊದಲೇ, 1946ರಲ್ಲಿ, ಐಡಾ ಬಾಯಿಯವರು ನಿವೃತ್ತರಾಗಿದ್ದರು. ಬಳಿಕ ಈ ದೇಶದವರೇ ಆದ ಡಾಕ್ಟರ್ ಹಿಲ್ಡಾ ಲಾಜರಸ್ ಅವರು ಸಂಸ್ಥೆಯ ಭಾರವನ್ನು ಹೊತ್ತರು. 1960ರ ಮೇ ತಿಂಗಳಲ್ಲಿ, ಎಂಭತ್ತೊಂಭತ್ತರ ವಯಸ್ಸಿನಲ್ಲಿ, ಐಡಾ ಬಾಯಿಯವರು ಕೊಡೈಕನಾಲಿನ ತಮ್ಮ ಮನೆಯಲ್ಲಿ ದೇವರ ಸನ್ನಿಧಿಗೆ ಸೇರಿದರು.

ಈಗ ಆ ಪಾಲಕರ ಪ್ರಶ್ನೆಗೆ ಬರುವೆನು. ಪರೀಕ್ಷೆಯ ತರುವಾಯದ ಒಂದು ವರುಷವನ್ನು ಹೌಸ್ ಸರ್ಜನ್ ಕೆಲಸವೆಂದೂ, ಆಮೇಲೆ ಎಮ್. ಡಿ. ಅಥವಾ ಎಮ್. ಎಸ್. ಪದವಿಗಾಗಿ ದವಾಖಾನೆಯಲ್ಲಿ ಕಳೆಯುವ ಮೂರು ವರುಷಗಳನ್ನು ರೆಸಿಡೆನ್ಸಿಯೆಂದೂ ಕರೆಯುತ್ತಾರೆ. ಐಡಾ ಬಾಯಿಯವರು ತಂದೆಯ ಬಳಿ ಬಯಸಿ ಪಡೆಯದೆ ಹೋದುದು ಇದನ್ನೇ. ಕುಂದಗೋಳದಿಂದಲೋ ಕಲಘಟಗಿಯಿಂದಲೋ ನಡುರಾತ್ರಿಯಲ್ಲಿ ಬಾಣಂತಿಯನ್ನು ಹುಬ್ಬಳ್ಳಿಯ ಕಿಮ್ಸಿಗೆ ಕರೆದೊಯ್ದಾಗ ಮೊದಲು ಎದ್ದು ಬರುವವರು ಇಂಥ ತರುಣ ವೈದ್ಯರೇ. ಅವರ ಬೆನ್ನ ಹಿಂದೆ ಹಿರಿಯರಿರುತ್ತಾರೆ.

ಆದರೆ ಕಲಿಕೆಯ ಹೆಸರಿನಲ್ಲಿ ಎಷ್ಟಾದರೂ ದುಡಿಸಬಹುದೆಂದು ನಾನು ಹೇಳುವುದಿಲ್ಲ. ಒಮ್ಮೆಗೆ 12 ಗಂಟೆಗಿಂತ ಹೆಚ್ಚು ಸತತವಾಗಿ ಕೆಲಸ ಮಾಡಿಸಬಾರದೆಂದು ಕೇಂದ್ರ ಸರಕಾರವು 1992ರಲ್ಲಿಯೇ ಸೂಚಿಸಿದೆ. ಅದನ್ನು ಪಾಲಿಸುವುದು ಅಪರೂಪವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೇ ಹೇಳುತ್ತಾರೆ. 2024ರ ಆಗಸ್ಟ 9ರಂದು ಕಲಕತ್ತೆಯ ವೈದ್ಯಕೀಯ ಕಾಲೇಜೊಂದರಲ್ಲಿ, ರಾತ್ರಿಯ ಪಾಳಿಯ ನಡುವೆ ದಣಿವಾರಿಸಿಕೊಳ್ಳಲು ಹೋದ ಒಬ್ಬ ರೆಸಿಡೆಂಟ್ ವೈದ್ಯೆಯು ಕೊಲೆಯಾದಳು. ಮಲಗಲು ಆಕೆಗೆ ದೊರೆತುದು ಒಂದು ಸಭಾಕೋಣೆ. ಆ ಸುದ್ದಿಯನ್ನು ಓದಿದ ದಿನ ನಾನು ಶಾಲೆಯ ಪ್ರಾರ್ಥನೆಯಲ್ಲಿ ಮಾತು ಮುಂದುವರಿಸಲಾರದೆ ನಿಂತೆನು. ಆದುದರಿಂದ ಪಾಲಕರು ಮಗಳನ್ನು ಎಂದು ಬರುವೆ ಎಂದು ಕೇಳುವುದರ ಬದಲು ರಾತ್ರಿ ಎಲ್ಲಿ ಮಲಗುವೆ, ಬಾಗಿಲಿಗೆ ಚಿಲಕವಿದೆಯೇ, ಊಟವಾಯಿತೇ, ತಿಳಿಯದಿದ್ದರೆ ಯಾರನ್ನು ಕೇಳುವೆ ಎಂದು ಕೇಳಲಿ. ಉತ್ತರವು ಸರಿಯಿಲ್ಲದಿದ್ದರೆ ಅಲ್ಲಿಯ ಹಿರಿಯರನ್ನೇ ಹೋಗಿ ಕಾಣಲಿ.

ಆ ನವಲಗುಂದದ ಪಾಲಕರು ಈಗ ಹದಿನೈದು ದಿನಕ್ಕೊಮ್ಮೆ ಕಟಕರೊಟ್ಟಿ, ಶೇಂಗಾಚಟ್ನಿಯ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಾರೆಂದು ಕೇಳಿದ್ದೇನೆ. ಮಗಳ ಸಂಗಡಿಗರಿಗೂ ಸಾಲುವಷ್ಟು ಒಯ್ಯುತ್ತಾರಂತೆ. ಈ ಸಂಚಿಕೆಯ ಪ್ರತಿಯೊಂದನ್ನು ಅವರಿಗೆ ಅಂಚೆಯಲ್ಲಿ ಕಳುಹಿಸುವೆನು.