ಗ್ಯಾಸ್ಟನ್ ರಾಮೋನ್ (1886–1963): ಲಸಿಕೆಗೆ ಬಲ ತಂದ ಪಶುವೈದ್ಯ

ಜಾನುವಾರುಗಳಿಗೆ ಹಾಕುವ ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆಗಳಲ್ಲಿ ನಿಷ್ಕ್ರಿಯಗೊಳಿಸಿದ ರೋಗಾಣುಗಳ ಜೊತೆಗೆ ಇನ್ನೊಂದು ವಸ್ತುವನ್ನೂ ಸೇರಿಸಲಾಗಿರುತ್ತದೆ. ಲಸಿಕೆಯ ಪರಿಣಾಮವನ್ನು ಹೆಚ್ಚಿಸುವ ಈ ಸಹಾಯಕ ದ್ರವ್ಯಕ್ಕೆ ಅಡ್ಜುವಂಟ್ ಎಂದು ಹೆಸರು. ಇದರ ಉಪಯೋಗವನ್ನು ಮೊದಲು ಪ್ರಯೋಗದಿಂದ ತೋರಿಸಿಕೊಟ್ಟವರು ಫ್ರಾನ್ಸಿನ ಪಶುವೈದ್ಯ ಗ್ಯಾಸ್ಟನ್ ರಾಮೋನ್.

ಜನನ ಮತ್ತು ವೃತ್ತಿ

ರಾಮೋನ್ ಅವರು 1886ರ ಸೆಪ್ಟೆಂಬರ್ 30ರಂದು ಬೆಲ್‌ಶೋಮ್ ಎಂಬ ಗ್ರಾಮದಲ್ಲಿ ಜನಿಸಿದರು. ಆಲ್ಫೋರ್ ಪಶುವೈದ್ಯಕೀಯ ಶಾಲೆಯಲ್ಲಿ ವ್ಯಾಸಂಗ ಮುಗಿಸಿ, 1911ರಲ್ಲಿ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಪ್ಯಾರಿಸ್ ಸಮೀಪದ ಗಾರ್ಷ್‌ನಲ್ಲಿ ಕುದುರೆಗಳಿಗೆ ರೋಗಾಣುವಿನ ವಿಷವನ್ನು ಚುಚ್ಚಿ, ಅವುಗಳ ರಕ್ತದಿಂದ ಪ್ರತಿವಿಷದ ಸೀರಂ ತಯಾರಿಸುವುದು ಅವರ ಕರ್ತವ್ಯವಾಗಿತ್ತು.

ಸಂಶೋಧನೆ

ಗಂಟಲಮಾರಿ ರೋಗದ ವಿಷಕ್ಕೆ ಫಾರ್ಮಲಿನ್ ಬೆರೆಸಿ ಹದವಾದ ಶಾಖದಲ್ಲಿಟ್ಟರೆ ಅದರ ವಿಷಗುಣ ನಾಶವಾಗಿ, ರೋಗನಿರೋಧಕ ಶಕ್ತಿಯನ್ನು ಉಂಟುಮಾಡುವ ಗುಣ ಮಾತ್ರ ಉಳಿಯುತ್ತದೆ ಎಂಬುದನ್ನು ಅವರು 1923ರಲ್ಲಿ ಕಂಡುಕೊಂಡರು. ಧನುರ್ವಾಯು ಲಸಿಕೆಯೂ ಇದೇ ಕ್ರಮದಲ್ಲಿ ತಯಾರಾಯಿತು. ಮಂಗಳೂರಿನ ಹಂಪನಕಟ್ಟೆಯಲ್ಲಿರುವ ವೆನ್ಲಾಕ್ ಆಸ್ಪತ್ರೆಯಲ್ಲಿ ಗಾಯಾಳುಗಳಿಗೆ ನೀಡುವ ಧನುರ್ವಾಯು ಚುಚ್ಚುಮದ್ದಿನ ಮೂಲವೂ ಇದೇ ಆಗಿದೆ.

ಚುಚ್ಚಿದ ಜಾಗದಲ್ಲಿ ಬಾವು ಬಂದ ಕುದುರೆಗಳ ರಕ್ತದಲ್ಲಿ ಪ್ರತಿವಿಷವು ಹೆಚ್ಚಾಗಿರುವುದನ್ನು ರಾಮೋನ್ ಗಮನಿಸಿದರು. ಬಾವನ್ನು ಕೇವಲ ದೋಷವೆಂದು ತಳ್ಳಿಹಾಕದೆ ಅದರ ಕಾರಣವನ್ನು ಪರೀಕ್ಷೆಗೆ ಒಳಪಡಿಸಿದರು. ಮರಗೆಣಸಿನ ಪಿಷ್ಟದಿಂದ ಮಾಡಿದ ಟ್ಯಾಪಿಯೋಕಾ ಹಾಗೂ ಇತರ ವಸ್ತುಗಳನ್ನು ಬೆರೆಸಿ ಚುಚ್ಚಿದಾಗ ಪ್ರತಿವಿಷದ ಪ್ರಮಾಣ ಅಧಿಕವಾಯಿತು. 1925ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಮರುವರ್ಷ ಇಂಗ್ಲೆಂಡಿನಲ್ಲಿ ಅಲೆಕ್ಸಾಂಡರ್ ಗ್ಲೆನ್ನಿ ಅವರು ಪಟಿಕವೂ ಇದೇ ಕಾರ್ಯ ಮಾಡುತ್ತದೆಂದು ತೋರಿಸಿದರು.

1949ರಿಂದ 1959ರವರೆಗೆ ರಾಮೋನ್ ಅವರು ಪ್ಯಾರಿಸ್‌ನ ಅಂತರರಾಷ್ಟ್ರೀಯ ಪಶುರೋಗ ಕಚೇರಿಯ ನಿರ್ದೇಶಕರಾಗಿದ್ದರು. ನೊಬೆಲ್ ಪ್ರಶಸ್ತಿಗೆ 150ಕ್ಕೂ ಹೆಚ್ಚು ಬಾರಿ ಅವರ ಹೆಸರು ಸೂಚಿತವಾದರೂ ಪ್ರಶಸ್ತಿ ದೊರೆಯಲಿಲ್ಲ. 1963ರ ಜೂನ್ 8ರಂದು ನಿಧನರಾದರು.

ಜಾನುವಾರು ಮಾಲೀಕರ ಗಮನಕ್ಕೆ

ರಾಜ್ಯದಲ್ಲಿ ಪಶು ಲಸಿಕೆಗಳನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ತಯಾರಿಸಲಾಗುತ್ತದೆ. ಗಳಲೆ ರೋಗದ ಪಟಿಕಯುಕ್ತ ಲಸಿಕೆಯ ರಕ್ಷಣೆ ಸುಮಾರು 4ರಿಂದ 6 ತಿಂಗಳು ಇರುತ್ತದೆ. ತೈಲಯುಕ್ತ ಲಸಿಕೆಯ ರಕ್ಷಣೆ ಇದಕ್ಕಿಂತ ದೀರ್ಘವಾದದ್ದು; ಆದರೆ ಮಂದವಾಗಿರುವುದರಿಂದ ಅದನ್ನು ಚುಚ್ಚುವುದು ಕಷ್ಟ.

ಲಸಿಕೆ ಹಾಕಿದ ಜಾಗದಲ್ಲಿ ಸಣ್ಣ ಗಂಟು ಕಾಣಿಸಿಕೊಂಡರೆ ಗಾಬರಿಪಡುವ ಅಗತ್ಯವಿಲ್ಲ. ಗಂಟಿಗೆ ಹೆದರಿ ಲಸಿಕೆಯನ್ನು ನಿರಾಕರಿಸಿದಲ್ಲಿ, ರೋಗ ತಗುಲಿದ ರಾಸು ಒಂದೆರಡು ದಿನಗಳಲ್ಲಿಯೇ ಸಾಯಬಹುದು. ಗಂಟನ್ನು ಹಿಸುಕಬಾರದು, ಕೊಯ್ಯಬಾರದು. ಅದು ಕೀವು ತುಂಬಿದಲ್ಲಿ ಅಥವಾ ಜ್ವರ ಮುಂದುವರಿದಲ್ಲಿ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸುವುದು. ಮಳೆಗಾಲಕ್ಕೆ ಮುಂಚಿತವಾಗಿ ಎಲ್ಲ ರಾಸುಗಳಿಗೂ ಲಸಿಕೆ ಹಾಕಿಸತಕ್ಕದ್ದು.