ಪೀಠಕ್ಕಿಂತ ಮೊದಲು ವಿದ್ಯೆ: ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು

ಆಡಳಿತದ ಹೊರೆಯನ್ನು ಹೊತ್ತವರಿಗೆ ವ್ಯಾಸಂಗಕ್ಕೆ ಬಿಡುವು ದೊರೆಯುವುದು ಕಷ್ಟ. ವ್ಯಾಸಂಗವನ್ನು ಕೈಬಿಟ್ಟವರ ಆಡಳಿತಕ್ಕೆ ಬೆಳಕು ಸಾಲದು. ಈ ತೊಡಕನ್ನು ತಮ್ಮ ಜೀವಿತದಲ್ಲಿಯೇ ಬಿಡಿಸಿ ತೋರಿದ ಮಹನೀಯರು ಸಿರಿಗೆರೆಯ ಶ್ರೀ ತರಳಬಾಳು ಬೃಹನ್ಮಠದ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು.

ಶ್ರೀಗಳವರು 1914ನೆಯ ಇಸವಿ ಏಪ್ರಿಲ್ 28ರಂದು ಹೊಳಲ್ಕೆರೆ ತಾಲ್ಲೂಕಿನ ಮುತ್ತುಗದೂರಿನಲ್ಲಿ ಜನಿಸಿದರು. ಕಾಶೀಕ್ಷೇತ್ರದಲ್ಲಿ ಶಾಸ್ತ್ರವ್ಯಾಸಂಗ ಮಾಡಿ ಬಂದು, 1940ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ ಪೀಠವನ್ನೇರಿದರು. ಗ್ರಂಥಗಳ ನಡುವೆ ಕಳೆಯಬಹುದಾಗಿದ್ದ ಯೌವನವು ಅಂದಿನಿಂದ ಶಿಷ್ಯಸಮೂಹದ ಕಷ್ಟಸುಖಗಳಿಗೆ ಮೀಸಲಾಯಿತು.

ಚಿತ್ರದುರ್ಗದ ಸೀಮೆಯು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆದ್ದಲು ಭೂಮಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ರೈತನ ಮಗನು ಊರಿನ ಶಾಲೆಯನ್ನು ಮುಗಿಸಿದ ಮೇಲೆ ಮುಂದೆ ಓದಬೇಕಾದರೆ ಪಟ್ಟಣವನ್ನು ಸೇರಬೇಕು. ಅಲ್ಲಿ ಅನ್ನಕ್ಕೂ ನೆಲೆಗೂ ದಾರಿಯಾಗಬೇಕು. ಇದನ್ನು ಬಲ್ಲ ಶ್ರೀಗಳವರು ವಿದ್ಯೆಯನ್ನೇ ಹಳ್ಳಿಗಳ ಬಳಿಗೆ ತಂದರು. ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ತೆರೆದು, ಜಾತಿಭೇದವನ್ನೆಣಿಸದೆ ಮಕ್ಕಳಿಗೆ ಆಶ್ರಯವಿತ್ತರು. 1962ರಲ್ಲಿ ಶ್ರೀ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ಆ ಕಾರ್ಯಕ್ಕೆ ಭದ್ರವಾದ ಅಡಿಪಾಯವನ್ನು ಹಾಕಿದರು.

ಇಷ್ಟೊಂದು ಕಾರ್ಯಭಾರದ ನಡುವೆಯೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಶರಣರ ಚರಿತ್ರೆಯನ್ನು ನಾಟಕಗಳಾಗಿ ರಚಿಸಿದರು, ವಚನಗಳನ್ನು ಬರೆದರು, ದಿನಚರಿಯಲ್ಲಿ ತಮ್ಮ ಅಂತರಂಗವನ್ನು ತಾವೇ ಒರೆಗೆ ಹಚ್ಚಿ ನೋಡಿಕೊಂಡರು. ‘ಆತ್ಮನಿವೇದನೆ’ಯು ಅದಕ್ಕೆ ಸಾಕ್ಷಿ.

ಆದರೆ ಅವರ ಔದಾರ್ಯದ ನಿಜವಾದ ಪರೀಕ್ಷೆಯು ಉತ್ತರಾಧಿಕಾರದ ವಿಷಯದಲ್ಲಿ ನಡೆಯಿತು. ಮುಂದೆ ಪೀಠವನ್ನೇರಬೇಕಾಗಿದ್ದ ಶಿಷ್ಯರಾದ ಶ್ರೀ ಶಿವಮೂರ್ತಿ ಶಿವಾಚಾರ್ಯರು ಕಾಶೀ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿಯನ್ನು ಪಡೆದರು. ಬಳಿಕ ಯೂರೋಪಿನ ವಿಯೆನ್ನಾ ನಗರದಲ್ಲಿ ಸಂಶೋಧನೆಯನ್ನು ಮುಂದುವರಿಸಿದರು. ಅರವತ್ತು ತುಂಬಿದೊಡನೆ ಪೀಠತ್ಯಾಗ ಮಾಡಬೇಕೆಂಬುದು ಗುರುಗಳ ಸಂಕಲ್ಪವಾಗಿತ್ತು. ಶಿಷ್ಯರ ಓದನ್ನು ನಡುವೆ ಮುರಿದು ಹಿಂದಕ್ಕೆ ಕರೆಸಿಕೊಂಡಿದ್ದರೆ ತಮ್ಮ ಭಾರವು ಬೇಗ ಇಳಿಯುತ್ತಿತ್ತು. ಹಾಗೆ ಮಾಡದೆ, ಮಠದ ಹೊಣೆಯನ್ನು ತಾವೇ ಹೊತ್ತು ನಡೆದರು. 1979ರ ಫೆಬ್ರವರಿ 11ರಂದು ಶಿಷ್ಯರಿಗೆ ಪಟ್ಟವಾಯಿತು. ಪೀಠವನ್ನು ಬಿಡುವುದು ಏರುವುದಕ್ಕಿಂತ ಕಠಿಣ. ವಿದ್ಯಾವಂತನಾದ ಶಿಷ್ಯನ ಕೈಗೆ ಒಪ್ಪಿಸಿ ಬಿಡುವುದಾದರೋ ಗುರುವಿಗೆ ಪರಮಸಂತೋಷ.

ಶ್ರೀಗಳವರು 1992ನೆಯ ಇಸವಿ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದರು.

ಇಂದು ನಮ್ಮ ಸೀಮೆಯ ಶಿಷ್ಯವರ್ಗದಲ್ಲಿ ಕಾಲೇಜು ವಿಶ್ವವಿದ್ಯಾನಿಲಯಗಳ ಆಡಳಿತದಲ್ಲಿದ್ದುಕೊಂಡು, ಹಗಲು ಕಡತಗಳನ್ನೂ ಇರುಳು ಪುಸ್ತಕಗಳನ್ನೂ ನೋಡುತ್ತ ಡಾಕ್ಟರೇಟಿಗಾಗಿ ಶ್ರಮಿಸುವವರುಂಟು. ಹುದ್ದೆಯ ಏರಿಕೆಗಾಗಿ ಮಾತ್ರ ಪಡೆದ ಪದವಿಯು ಹುದ್ದೆಯೊಡನೆಯೇ ಮುಗಿದುಹೋಗುವುದು. ಬಡವರ ಮಕ್ಕಳಿಗೆ ಬಾಗಿಲು ತೆರೆಯುವುದಕ್ಕಾಗಿ ಪಡೆದ ವಿದ್ಯೆಯು ತಲೆಮಾರುಗಳವರೆಗೆ ನಿಲ್ಲುವುದು. ಅವರ ಬಿಡುವಿಲ್ಲದ ದುಡಿಮೆಯು ಕಾಯಕವಾಗಲಿ, ಗಳಿಸಿದ ಜ್ಞಾನವು ದಾಸೋಹವಾಗಲಿ, ಹಿರಿಯರು ಕಿರಿಯರ ಓದಿಗೆ ಅಡ್ಡಿಯಾಗದೆ ಆಸರೆಯಾಗಲಿ ಎಂದು ಗುರುಚರಣಗಳಲ್ಲಿ ಪ್ರಾರ್ಥಿಸುವೆವು.